ನಲವತ್ತು ದಾಟದವನಿಗೆ ನೂರು ವರ್ಷ

"ಈಗ ನೋಡ್ರಿ, ಅದಕ್ಕ ಚೀನಾತನಕ ಯಾಕ ಹೋಗಬೇಕು? ಅಲ್ಲೇ ಹಿಂದ ಸಾರಿನ ಪಾತ್ರೆ ಹಿಡ್ಕೊಂಡು ನಿಂತಾನಲ್ಲ, ನನ್ನ ಹೆಂಡತಿ ತಮ್ಮ ಕಲ್ಮೇಶ, ಅವನ ಮಾರಿ ಒಮ್ಮೆ ನೋಡ್ರಿ. ಇಪ್ಪತ್ತೈದು ವರ್ಷ ಹಾರ್ಟ್ ನೋಡಿದ ಡಾಕ್ಟರ್ ಹೇಳ್ತೀನಿ, ಹಿಂಗ ಸಿಟ್ಟು ಮಾಡ್ಕೋತ ಹೋದ್ರ ಈ ಮನುಷ್ಯಾ ನಲವತ್ತು ದಾಟೂದಿಲ್ಲ. ದಿನಾ ಚೈನೀಸ್ ಹೋಟೆಲಿನಾಗ ನಿಂತು ಚಿಕನ್ ಕರೀತಾನ, ಆದ್ರ ಚೀನಾದವರ ಶಾಂತಿ ಒಂದು ಚಮಚೆನೂ ಹತ್ತಿಲ್ಲ ಅವಂಗ!"

ಮೈಕಿನ ಮಾತಾದ್ದರಿಂದ ಅದು ಕಲ್ಮೇಶನಿಗೆ ಎರಡು ಸಲ ತಾಗಿತು, ಒಮ್ಮೆ ವೇದಿಕೆಯಿಂದ, ಇನ್ನೊಮ್ಮೆ ಅವನ ನೆತ್ತಿಯ ಮೇಲೇ ಇದ್ದ ಸ್ಪೀಕರಿನಿಂದ. ಆಮೇಲೆ ನಗು ಬಂತು. ಅಮೆರಿಕದ ರಾಲಿಯ ಪಕ್ಕದ ಕ್ಯಾರಿ ಊರಿನಲ್ಲಿ ಒಂದು ಹೈಸ್ಕೂಲಿನ ಊಟದ ಹಾಲ್ ಬಾಡಿಗೆ ಹಿಡಿದು ಯುಗಾದಿಗೆ ಸೇರಿದ್ದ ಕನ್ನಡದವರೆಲ್ಲ ಕಬ್ಬಿಣದ ಕುರ್ಚಿಗಳನ್ನು ಕಿರುಗುಟ್ಟಿಸುತ್ತ ಹಿಂದಕ್ಕೆ ತಿರುಗಿ ಅವನ ಮುಖ ನೋಡಿದರು. ಡಾಕ್ಟರು ನೋಡಿ ಎಂದಿದ್ದಾರಲ್ಲ, ನೋಡದಿದ್ದರೆ ಹೇಗೆ. ಕೈಯಲ್ಲಿ ಪಾತ್ರೆ ಸುಡುತ್ತಿತ್ತು. ಇಳಿಸೋಣವೆಂದರೆ ಹತ್ತಿರದಲ್ಲಿ ಮೇಜಿಲ್ಲ, ಎಸೆಯೋಣವೆಂದರೆ ಸಾರು ಅಕ್ಕ ಮಾಡಿದ್ದು. ಇಷ್ಟು ಜನ ಒಟ್ಟಿಗೆ ನೋಡುವಾಗ ಮುಖವನ್ನು ಏನು ಮಾಡಬೇಕೆಂದು ಯಾರೂ ಅವನಿಗೆ ಕಲಿಸಿರಲಿಲ್ಲ. ನಗಲು ಹೋದ. ಹಲ್ಲು ಮಾತ್ರ ಹೊರಗೆ ಬಂತು, ಹುಬ್ಬು ಗಂಟಿಕ್ಕಿಕೊಂಡು ಅಲ್ಲೇ ಉಳಿಯಿತು. ಅದನ್ನು ಕಂಡು ಜನ ಇನ್ನಷ್ಟು ನಕ್ಕರು.

ಮೂರನೆಯ ಸಾಲಿನಲ್ಲಿ ಮಾತ್ರ ಒಬ್ಬರು ನಗಲಿಲ್ಲ. ಅಟ್ಲಾಂಟಾದ ಮಹಾಂತಪ್ಪನವರು ಜೇಬಿನಿಂದ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಹಾಕಿಕೊಂಡು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ಅವನನ್ನು ನೋಡಿದರು. ಅವರು ನಸುಕಿನಲ್ಲೇ ಎದ್ದು ಹೆಂಡತಿ, ಮಗಳನ್ನು ಕರೆದುಕೊಂಡು ವ್ಯಾನಿನಲ್ಲಿ ಬಂದದ್ದೇ ಈ ಮುಖ ನೋಡುವುದಕ್ಕೆ. ಮಗಳು ನೀಲಗಂಗಾ ಅವರ ಪಕ್ಕದಲ್ಲಿ ಕೂತಿದ್ದಳು. ಸಂಜೆ ಭಾವನ ಮನೆಯಲ್ಲಿ ಚಹ, ಚುರುಮರಿ. ಆಮೇಲೆ 'ಹುಡುಗ ಹುಡುಗಿ ಮಾತಾಡಿಕೊಳ್ಳಲಿ' ಎಂದು ಹಿರಿಯರು ಹಿತ್ತಲಿನ ಗುಲಾಬಿ ನೋಡಲು ಹೋಗುವುದೆಂದು ಅಕ್ಕ ಗಂಗಾಂಬಿಕಾ ಎಲ್ಲ ಹೊಂದಿಸಿದ್ದಳು. ಎರಡು ವರ್ಷದಿಂದ ಊರತುಂಬ 'ನಮ್ಮ ಕಲ್ಮೇಶ ರೆಸ್ಟೊರೆಂಟ್ ಲೈನಿನಾಗ ಇದ್ದಾನ' ಎಂದು ಹೇಳಿಕೊಂಡು ಬಂದವಳೂ ಅವಳೇ. ಲೈನ್ ಎಂಬ ಆ ಒಂದು ಮಾತಿನ ಹಿಂದೆ ಕಾಯ್ದ ಎಣ್ಣೆ, ಕೋಳಿಯ ತೊಡೆ, ಸೋಯಾ ಸಾಸಿನ ಡಬ್ಬ ಎಲ್ಲ ಮೈಮುಚ್ಚಿಕೊಂಡು ಇದ್ದವು. ಲಿಂಗ ಕಟ್ಟಿಕೊಂಡವರ ಮನೆಯ ಹುಡುಗ ಹಾಗೆ ನಿಂತು ಕೋಳಿ ಕರಿಯುತ್ತಾನೆಂದು ಮೈಕಿನಲ್ಲಿ ಹೇಳುವುದಕ್ಕೆ ಹೃದಯದ ಡಾಕ್ಟರೇ ಆಗಬೇಕಿತ್ತು.

ಇಷ್ಟೆಲ್ಲ ಇದ್ದೂ ಕಲ್ಮೇಶನಿಗೆ ಚುಚ್ಚಿದ್ದು ಇದ್ಯಾವುದೂ ಅಲ್ಲ. ವೇದಿಕೆಯ ಬದಿಯಲ್ಲಿ ಬೇವು ಬೆಲ್ಲದ ತಟ್ಟೆ ಹಿಡಿದು ನಿಂತಿದ್ದ ಅಕ್ಕ ನಕ್ಕಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣು ಮುಚ್ಚಿಕೊಂಡು, ಭುಜ ಅಲುಗುವ ಹಾಗೆ. ಅಪ್ಪ ಎಷ್ಟನೆಯ ವರ್ಷಕ್ಕೆ ಹೋದನೆಂದು ಈ ಹಾಲಿನಲ್ಲಿ ಗೊತ್ತಿದ್ದವರು ಮೂರೇ ಜನ. ಒಬ್ಬರು ಮೈಕಿನ ಮುಂದೆ, ಒಬ್ಬ ಸಾರಿನ ಹಿಂದೆ. ಮೂರನೆಯವಳು ನಗುತ್ತಿದ್ದಳು.

ಬೈಪಾಸ್ ಆಪರೇಷನ್ ಆದಾಗಿನಿಂದ ಭಾವ, ಡಾಕ್ಟರ್ ಸೋಮಲಿಂಗಪ್ಪನವರು, ಶಾಂತಿಯನ್ನು ಕೈಗೆತ್ತಿಕೊಂಡಿದ್ದರು, ಮುಂಚೆ ಟೆನಿಸ್ ಕೈಗೆತ್ತಿಕೊಂಡ ಹಾಗೆ, ಅದಕ್ಕೂ ಮುಂಚೆ ಗುಲಾಬಿ ಕೈಗೆತ್ತಿಕೊಂಡ ಹಾಗೆ. ಓಣಿಯಲ್ಲಿ ತಮಗಿಂತ ಶಾಂತವಾದ ಮನುಷ್ಯ ಇನ್ನೊಬ್ಬ ಇರಬಾರದು. ಲೈಬ್ರರಿಯಿಂದ ಹಳೇ ಚೀನಾದ ಪಂಡಿತರ ಮೇಲಿನ ದಪ್ಪ ದಪ್ಪ ಪುಸ್ತಕಗಳನ್ನು ತಂದು, ಯಾರು ಎಷ್ಟು ವರ್ಷ ಬದುಕಿದರು, ಅವರ ಸ್ವಭಾವ ಎಂಥದಿತ್ತು ಎಂದು ಚಳಿಗಾಲವಿಡೀ ತಿರುವಿ ಹಾಕಿದ್ದರು. ಆ ಚಳಿಗಾಲ ಮನೆಯಲ್ಲಿ ಟಿವಿಯ ಧ್ವನಿ ಜೋರಾದರೆ 'ನಾ ಶಾಂತಿ ಓದಾಕ್ಹತ್ತೀನಿ, ಬಂದ್ ಮಾಡ್ರಿ ಅದನ್ನ!' ಎಂದು ಮೇಲಿನಿಂದ ಗದರುವ ದನಿ ಬರುತ್ತಿತ್ತು. ಇವತ್ತಿನ ಭಾಷಣ ಅದರ ಫಲ. ಬಿದಿರಿನ ನೆರಳಲ್ಲಿ ಕೂತು ಚಹ ಕುಡಿದ ಪಂಡಿತ ಎಂಬತ್ತು ಕಂಡ. ಗಾಳ ಹಾಕಿ, ಮೀನು ಬೀಳದಿದ್ದರೂ ಬೇಸರಿಸದೆ ಮನೆಗೆ ಬಂದವ ಎಂಬತ್ತಾರು. ಕುಂಚ ಹಿಡಿದು ಒಂದೇ ಅಕ್ಷರವನ್ನು ದಿನವೆಲ್ಲ ತಿದ್ದಿದವ ತೊಂಬತ್ತರ ಆಚೆ. ಅರಸನ ಮುಖಕ್ಕೆ ಹೊಡೆದಂತೆ ಮಾತಾಡಿದವ, ಮಂತ್ರಿಯನ್ನು ಅಣಕಿಸಿದವ, ಪಕ್ಕದ ಪಂಡಿತನ ಹೆಸರು ಕೇಳಿದರೆ ಉರಿದು ಬೀಳುತ್ತಿದ್ದವ, ಇವರೆಲ್ಲ ಮೂವತ್ತು ಮೂವತ್ತೈದಕ್ಕೆ ಖಲಾಸ್. ಅವರಲ್ಲಿ ಅರ್ಧ ಜನರ ತಲೆಯನ್ನು ಅರಸ ತೆಗೆಸಿದ್ದ. ಅದನ್ನೂ ಡಾಕ್ಟರು ಸ್ವಭಾವದ ಲೆಕ್ಕಕ್ಕೇ ಹಾಕಿಬಿಟ್ಟಿದ್ದರು.

ಮೊದಲ ಸಾಲಿನಿಂದ ಮೈಸೂರಿನ ದತ್ತಾತ್ರೇಯ ಎದ್ದು ನಿಲ್ಲದೆ ಇದ್ದಿದ್ದರೆ ಎಲ್ಲ ಅಲ್ಲಿಗೇ ಮುಗಿದು ಊಟವಾಗುತ್ತಿತ್ತು. ಅವರು ಯುನಿವರ್ಸಿಟಿಯಲ್ಲಿ ಹುಳುಗಳ ಬಗ್ಗೆ ಪಾಠ ಹೇಳುವವರು, ದನಿ ಬೆಣ್ಣೆ. "ಡಾಕ್ಟ್ರೇ, ಒಂದು ಸಣ್ಣ ಡೌಟು. ಚೀನಾದಲ್ಲಿ ಆ ದೊಡ್ಡ ಗುರುಗಳು ಇದ್ರಲ್ಲ, ಅವರ ಶಿಷ್ಯರಲ್ಲಿ ಒಬ್ಬ ಬಹಳ ಸಾಧು ಅಂತೆ. ಒಬ್ಬರ ಮೇಲಿನ ಕೋಪಾನ ಇನ್ನೊಬ್ಬರ ಮೇಲೆ ತೀರಿಸ್ಕೊಳ್ತಾನೇ ಇರ್ಲಿಲ್ವಂತೆ. ಅವನೇ ಎಲ್ಲರಿಗಿಂತ ಮೊದ್ಲು ಹೋಗ್ಬಿಟ್ನಂತಲ್ಲ? ಮುಂಗೋಪಿ ಶಿಷ್ಯ ಆರಾಮಾಗಿ ಅರವತ್ತು ದಾಟಿದ್ನಂತೆ. ಇದನ್ನ ಹೇಗೆ ಎಕ್ಸ್‌ಪ್ಲೇನ್ ಮಾಡ್ತೀರಿ?" ಸೋಮಲಿಂಗಪ್ಪನವರು ಎದುರಿನ ನೀರು ಕುಡಿದರು. ಗ್ಲಾಸನ್ನು ಇಟ್ಟರು. "ಅದು ನ್ಯೂಟ್ರಿಷನ್ ಪ್ರಾಬ್ಲಂರೀ. ಬಡವ ಇದ್ದ. ಊಟ ಕಡಿಮಿ ಇತ್ತು ಅವಂಗ." ಇಡೀ ಹಾಲ್ ನಕ್ಕಿತು, ಡಾಕ್ಟರನ್ನೇ ನೋಡಿ ನಕ್ಕಿತು, ಅವರ ಕಿವಿಯ ಹಾಲೆಗಳು ಕೆಂಪಾದವು. ಆಗ ಅವರ ಕಣ್ಣು ಹಾಲಿನ ಹಿಂಭಾಗಕ್ಕೆ ಹರಿದು, ಅಲ್ಲಿ, ಊಟದ ಮೇಜುಗಳ ಹತ್ತಿರ, ಸಾರಿನ ಪಾತ್ರೆ ಹಿಡಿದು ನಿಂತಿದ್ದ ಹೆಂಡತಿಯ ತಮ್ಮನನ್ನು ಕಂಡುಹಿಡಿಯಿತು. ದತ್ತಾತ್ರೇಯರ ಮೇಲೆ ಹುಟ್ಟಿದ ಸಿಟ್ಟು ಮೈಕಿನ ವೈರಿನಗುಂಟ ಹರಿದುಬಂದು ಕಲ್ಮೇಶನ ಪಾತ್ರೆಗೆ ಬಿತ್ತು. ಅಷ್ಟೇ ನಡೆದದ್ದು.

ಅದಾದ ಮೇಲೆ ಅವನ ಇಡೀ ಮಧ್ಯಾಹ್ನ ಒಂದು ಇಕ್ಕಳದಲ್ಲಿ ಸಿಕ್ಕಿಕೊಂಡಿತು. ಉತ್ತರ ಕೊಟ್ಟರೆ 'ನೋಡಿದ್ರ್ಯಾ, ನಾ ಹೇಳಲಿಲ್ಲ?' ಎನ್ನುತ್ತಾರೆ. ಕೊಡದಿದ್ದರೆ ನಲವತ್ತಕ್ಕೆ ಒಪ್ಪಿ ಸಹಿ ಹಾಕಿದಂತೆ. ಸಿಟ್ಟಿಗೇಳುವುದೇ ರೋಗವೆಂದು ಡಾಕ್ಟರೇ ಬೈದರೆ, ಆ ಬೈಗುಳಕ್ಕೆ ಔಷಧಿ ಎಲ್ಲಿಂದ ತರುವುದು? ಉತ್ತರ ಇರಲಿಲ್ಲವೆಂದಲ್ಲ. ಪಾತ್ರೆಯನ್ನು ಕೊನೆಗೂ ಮೇಜಿಗೆ ತಲುಪಿಸುವಷ್ಟರಲ್ಲಿ ಉತ್ತರ ಸಿದ್ಧವಾಗಿತ್ತು. ಅವನು ಕೆಲಸ ಮಾಡುವ ಹೋಟೆಲಿನ ಮಾಲಕನ ಮಾವ, ಶೂ ಎಂಬ ಮುದುಕ, ಬೆಳಿಗ್ಗೆ ಶಟರ್ ಎತ್ತುವಾಗ ಶಟರಿಗೆ ಬೈದು ಶುರುಮಾಡಿದರೆ ಎಲೆಕೋಸಿಗೆ, ಫೋನಿಗೆ, ಫೋರ್ಕ್ ಕೇಳುವ ಗಿರಾಕಿಗೆ, ಫೋರ್ಕ್ ಕೇಳದೆ ಕಡ್ಡಿಯಲ್ಲಿ ಎತ್ತಿ ಬೀಳಿಸುವ ಗಿರಾಕಿಗೆ ಬೈಯುತ್ತ ದಿನ ಮುಗಿಸುತ್ತಿದ್ದ. ಎಂಬತ್ತು ದಾಟಿತ್ತು. ಕಲ್ಲಂಗಡಿ ಬೀಜವನ್ನು ಸ್ವಂತ ಹಲ್ಲಿನಿಂದ ಒಡೆದು ತಿನ್ನುತ್ತಿದ್ದ. 'ನೀವು ಸತ್ತ ಚೀನಾದವರನ್ನ ಓದೀರಿ, ನಾ ಬದುಕಿದಾಂವನ ಕೂಡ ದಿನಾ ದುಡೀತೀನಿ.' ಇದು ವಾಕ್ಯ. ಇದನ್ನು ಎಲ್ಲರ ಮುಂದೆ, ಸಮಾಧಾನದ ದನಿಯಲ್ಲಿ, ನಕ್ಕೋತ ಅನ್ನಬೇಕು. ಬಾಯೊಳಗೆ ಹೇಳಿ ನೋಡಿಕೊಂಡ. ಮೊದಲ ಸಲ ಚೆನ್ನಾಗಿ ಬಂತು, ಎರಡನೆಯ ಸಲಕ್ಕೆ ದನಿ ಏರಿತು, ಮೂರನೆಯ ಸಲ ಹೇಳುವಾಗ ಕೈ ಮುಷ್ಟಿಯಾಗಿತ್ತು. ಒಂಬತ್ತನೆಯ ಇಯತ್ತೆಯಲ್ಲಿ ಗಣಿತದ ಮಾಸ್ತರರ ಕೈಯಿಂದ ಬೆತ್ತ ಕಸಿದು ಮೊಣಕಾಲಿನ ಮೇಲೆ ಇಟ್ಟು ಎರಡು ತುಂಡು ಮಾಡಿದಾಗಲೂ ಹೀಗೇ, ಮುಂಚೆ ಮನಸ್ಸಿನಲ್ಲಿ ಸಮಾಧಾನದಿಂದ ಮಾತಾಡಲು ತಯಾರಿ ಮಾಡಿಕೊಂಡೇ ಎದ್ದಿದ್ದ. ಅದೇ ಅವನ ಶಾಲೆಯ ಕೊನೆಯ ದಿನ.

ಖಾಲಿ ಬುಟ್ಟಿ ತರಲು ಅಡಿಗೆಮನೆಗೆ ಹೋದ. ಬಾಗಿಲ ಕಡೆ ಬೆನ್ನು ಹಾಕಿ ರಾಜಲಕ್ಷ್ಮಿ ಆಂಟಿ, ಅಲಮೇಲು ಆಂಟಿ ಹಪ್ಪಳ ಜೋಡಿಸುತ್ತಿದ್ದರು. "ನಲವತ್ತಂತೆ ಕಣೇ, ಪಾಪ. ನೋಡೋಕೆ ಗಟ್ಟಿಮುಟ್ಟಾಗೇ ಇದಾನೆ. ಹೆಣ್ಣಿನ ಕಡೆಯವರ ಮುಂದೆ ಹಾಗನ್ಬೋದಾ ಈ ಡಾಕ್ಟ್ರು?" ಎನ್ನುತ್ತಿದ್ದ ರಾಜಲಕ್ಷ್ಮಿ ಆಂಟಿ ತಿರುಗಿದವರೇ ಅವನನ್ನು ಕಂಡು, ಹುಟ್ಟಿನಿಂದ ಬಂದ ಅಭ್ಯಾಸದಂತೆ, ಮುಖವರಳಿಸಿ ಕೂಗಿಬಿಟ್ಟರು: "ಅಯ್ಯೋ, ನೂರು ವರ್ಷ ಆಯಸ್ಸು ನೋಡಪ್ಪ ನಿಂಗೆ! ಈಗಷ್ಟೇ ನಿನ್ನ ವಿಷ್ಯಾನೇ—"

ಅಲ್ಲಿಗೆ ಅವರಿಗೆ ತಾವು ಏನು ಅಂದೆವೆಂಬುದು ಹೊಳೆಯಿತು. ಕೈಯಲ್ಲಿದ್ದ ಹಪ್ಪಳ ಮುರಿಯಿತು. ಅಲಮೇಲು ಆಂಟಿ ಮೊಸರನ್ನದ ಪಾತ್ರೆಯೊಳಗೆ ಬಗ್ಗಿ, ಅಲ್ಲಿ ಏನೋ ಕಳೆದುಹೋದವರಂತೆ ಹುಡುಕತೊಡಗಿದರು. ಕಲ್ಮೇಶ ಬುಟ್ಟಿ ತೆಗೆದುಕೊಂಡು ಹೊರಬಿದ್ದ. ಬಾಗಿಲು ಮುಚ್ಚುವ ಮುಂಚೆ ಮೊಸರನ್ನದ ಪಾತ್ರೆಯೊಳಗಿಂದ ಒಂದು ನಗು ಒಡೆದು ಕೇಳಿಸಿತು.

ಯಾರ ಮಾತಾಡುತ್ತಿದ್ದೇವೋ ಅವರೇ ಎದುರಿಗೆ ಬಂದರೆ ನೂರು ವರ್ಷ ಕೊಡುವುದು ಕನ್ನಡದವರ ಬಾಯಿಯ ಸ್ವಭಾವ. ಏಳು ಸಮುದ್ರ ದಾಟಿದರೂ ಬಿಟ್ಟಿರಲಿಲ್ಲ. ಅವತ್ತು ಆ ಹಾಲಿನಲ್ಲಿ ಎಲ್ಲರೂ ಮಾತಾಡುತ್ತಿದ್ದುದು ಅವನೊಬ್ಬನ ಬಗ್ಗೆ. ಹೀಗಾಗಿ ಎಲ್ಲಿ ಹೋದರೂ ಆಯುಷ್ಯ. ನೀರಿನ ನಲ್ಲಿಯ ಹತ್ತಿರ ನಿಂತಿದ್ದ ಬ್ಯಾಂಕಿನ ಕಂಪ್ಯೂಟರ್ ಹುಡುಗರು, ಷಾರ್ಲೆಟ್‌ನಿಂದ ಬಂದವರು, "ಏ, ಹಂಡ್ರೆಡ್ ಇಯರ್ಸ್ ಕಣೋ ನಿಂಗೆ, ಈಗ್ತಾನೆ ನಿನ್ ಬಗ್ಗೇನೇ ಡಿಸ್ಕಸ್ ಮಾಡ್ತಿದ್ವಿ" ಎಂದು ಶುರುಮಾಡಿ, ತಮ್ಮ ಬೂಟುಗಳನ್ನು ನೋಡಿಕೊಂಡರು. ಕೈತೊಳೆಯುವಲ್ಲಿ ದತ್ತಾತ್ರೇಯರು ಯಾರಿಗೋ "ನನ್ನಿಂದಾಗಿ ಆ ಹುಡುಗ ಬೈಸ್ಕೊಂಡ ಕಣ್ರೀ" ಎನ್ನುತ್ತಿದ್ದವರು ಕನ್ನಡಿಯಲ್ಲಿ ಅವನನ್ನು ಕಂಡು, "ನೂ..." ಎಂದು, ನುಂಗಿಕೊಂಡು, "ನ್ಯೂ ಇಯರ್ ವಿಶಸ್ ಕಣಪ್ಪಾ" ಎಂದರು. ಬಂದು ಬಿದ್ದ ಆಯುಷ್ಯವನ್ನೆಲ್ಲ ಕೂಡಿಸಿದರೆ ಬಿದಿರಿನ ನೆರಳಿನ ಪಂಡಿತರು ಮೂರ್ನಾಲ್ಕು ಜನ ಹಂಚಿಕೊಂಡು ತಿನ್ನಬಹುದಿತ್ತು. ಕಲ್ಮೇಶನಿಗೆ ಒಂದು ಕ್ಷಣ ನಗು ಬಂತು. ಬಂದದ್ದಕ್ಕೆ ಸಿಟ್ಟೂ ಬಂತು.

ಹೊರಗೆ ಬಂದು ನಿಂತ. ಪೈನ್ ಮರಗಳು ಹೂಬಿಟ್ಟು ಉದುರಿಸಿದ ಪುಡಿ ಕಾರುಗಳ ಮೇಲೆಲ್ಲ ಹಳದಿಯಾಗಿ ಕೂತಿತ್ತು, ಮದುವೆಯ ಮುಂಚೆ ಅರಿಶಿಣ ಬಳಿದ ಹಾಗೆ. ಯಾರ ಮದುವೆಯೋ. ಬಿಳಿ ಕಾರು, ನೀಲಿ ಕಾರು ಎಲ್ಲ ಒಂದೇ ಬಣ್ಣ, ಗದಗಿನ ಬಸ್ ಸ್ಟ್ಯಾಂಡಿನಲ್ಲಿ ನಿಂತ ಬಸ್ಸುಗಳ ಮೇಲೆ ಕೂತ ಧೂಳಿನ ಬಣ್ಣ, ಅವತ್ತು ಹುಬ್ಬಳ್ಳಿಯ ಬಸ್ಸು ಇನ್ನೂ ಪೂರ್ತಿ ನಿಂತಿರಲಿಲ್ಲ, ಅಪ್ಪ ಅದರ ಜೊತೆಗೇ ಓಡುತ್ತ ಕಿಟಕಿಯಿಂದ ಟವೆಲ್ ಒಳಗೆ ಒಗೆದ, ಗೆರೆಗೆರೆಯ ಟವೆಲ್, ಸರಿಯಾಗಿ ಸೀಟಿನ ಮೇಲೆ ಬಿತ್ತು. ಕಲ್ಮೇಶನ ಕೈಹಿಡಿದು ನೂಕಾಟದಲ್ಲಿ ಹತ್ತಿ ನೋಡಿದರೆ ಟವೆಲ್ ನೆಲದ ಮೇಲೆ, ಸೀಟಿನ ಮೇಲೆ ಒಬ್ಬ ಸಫಾರಿ ಅಂಗಿಯವ. 'ಟವೆಲ್ ಕಾಣಸಲಿಲ್ಲೇನು?' 'ಟವೆಲ್ಲಿಗೆ ಟಿಕೀಟ್ ತಗಸೀಯೇನು?' ಬಸ್ಸಿನವರೆಲ್ಲ ನಕ್ಕರು. ಆಮೇಲೆ ಅಪ್ಪನ ದನಿ ಏರುತ್ತ ಹೋದದ್ದು, ಕಂಡಕ್ಟರ್ ಸೀಟಿ ಊದಿದ್ದು, ಸಫಾರಿಯವನು ಎದ್ದು ಹಿಂದೆ ಹೋದದ್ದು. ಅಪ್ಪ ಕೂತ. ಗೆದ್ದ ಸೀಟಿನ ಮೇಲೆ, ಕಿಟಕಿಯ ಪಕ್ಕ, ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಕೂತ. ಹುಲಕೋಟಿ ಬರುವ ಮುಂಚೆ ಅವನ ತಲೆ ಕಿಟಕಿಗೆ ವಾಲಿತು. ಜಗಳಾಡಿ ದಣಿದಿದ್ದಾನೆ, ನಿದ್ದೆ ಹತ್ತಿದೆ ಎಂದುಕೊಂಡು ಕಲ್ಮೇಶ ಹುಬ್ಬಳ್ಳಿಯವರೆಗೂ ಅಲುಗಾಡದೆ ಕೂತಿದ್ದ, ಎಚ್ಚರಾದೀತೆಂದು. ಅಪ್ಪನಿಗೆ ಆಗ ಮೂವತ್ತೊಂಬತ್ತು. ಈಗ ತನಗೆ ಮೂವತ್ತೊಂದು. ತಿಂಗಳಿಗೊಮ್ಮೆ ಎಲ್ಲೋ ನಿಂತಾಗ, ಕೋಳಿ ಎಣ್ಣೆಗೆ ಬಿಡುವಾಗ, ಲಾಂಡ್ರಿ ಯಂತ್ರದ ಮುಂದೆ ಕೂತಾಗ, ತನಗೆ ತಿಳಿಯದ ಹಾಗೆ ಈ ಕಳೆಯುವ ಲೆಕ್ಕ ಮಾಡಿಬಿಡುತ್ತಿದ್ದ. ಭಾವ ಅದನ್ನೇ ಜೋರಾಗಿ ಮಾಡಿ ತೋರಿಸಿದ್ದರು.

"ಇಲ್ಲೇ ಕೂಡ್ರಿ," ಎಂದರು ಮಹಾಂತಪ್ಪನವರು. ಊಟದ ಸಾಲಿನ ಕೊನೆಯ ಮೇಜು, ಎದುರಿಗೆ ಒಂದು ಕುರ್ಚಿ ಖಾಲಿ. ಅವರು ಜಾರ್ಜಿಯಾದ ಸೇತುವೆಗಳನ್ನು ತಟ್ಟಿ ನೋಡಿ ಇನ್ನೆಷ್ಟು ವರ್ಷ ತಡೆದಾವೆಂದು ಹೇಳುವ ಇಂಜಿನಿಯರು. ಬಾಗಲಕೋಟೆ ಕಡೆಯವರು. ಪಕ್ಕದಲ್ಲಿ ಹೆಂಡತಿ ಬಸವ್ವ ಹೋಳಿಗೆಯ ಅಂಚು ಮುರಿಯುತ್ತಿದ್ದರು, ಅವರಾಚೆ ನೀಲಗಂಗಾ ಉಪ್ಪಿನಕಾಯಿಯ ಎಣ್ಣೆಯಲ್ಲಿ ತಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದಳು. ಕಲ್ಮೇಶ ಕೂತ. ಬೆನ್ನು ನೆಟ್ಟಗಿತ್ತು.

"ಡಾಕ್ಟರ್ ಸಾಹೇಬ್ರು ಚಾಷ್ಟಿ ಮಾಡಿದ್ರು. ಹೌದಲ್ರೀ?"

"ಹೌದ್ರಿ."

"ಹಾಂ." ಒಂದು ತುತ್ತು. "ನಿಮ್ಮ ಅಪ್ಪಾರು ಹ್ಯಾಂಗ ತೀರಿಕೊಂಡ್ರು? ನಿಮ್ಮ ಅಕ್ಕಾರು ಫೋನಿನಾಗ ಟೈಫಾಯ್ಡ್ ಅಂದಂಗಿತ್ತು."

ಎರಡು ಮೇಜಿನಾಚೆ ಕೋಸಂಬರಿ ಬಡಿಸುತ್ತಿದ್ದ ಅಕ್ಕನ ಸೌಟು ಗಾಳಿಯಲ್ಲಿ ನಿಂತಿತು. ಇಷ್ಟು ಗಲಾಟೆಯಲ್ಲೂ ಅವಳಿಗೆ ಕೇಳಿಸುತ್ತದೆ, ಮೊದಲಿನಿಂದಲೂ ಹಾಗೇ. ಹೂಂ ಎಂದರೆ ಆಯಿತು. ಟೈಫಾಯ್ಡ್ ಯಾರಿಗೂ ಬರಬಹುದು, ಅದಕ್ಕೆ ಸ್ವಭಾವ ಬೇಕಿಲ್ಲ. ಹೂಂ ಎಂದರೆ ಸಂಜೆಯ ಚಹವೂ ಉಳಿದೀತು, ಗುಲಾಬಿ ನೋಡುವುದೂ ಉಳಿದೀತು. ಆದರೆ ಟೈಫಾಯ್ಡ್ ಎಂದರೆ ಅಪ್ಪ ಬಸ್ಸನ್ನೇ ಹತ್ತಿರಲಿಲ್ಲ ಎಂದ ಹಾಗೆ. ಆ ಸೀಟು ಸಫಾರಿಯವನಿಗೇ ಹೋಯಿತು ಎಂದ ಹಾಗೆ.

"ಟೈಫಾಯ್ಡ್ ಅಲ್ರಿ. ಬಸ್ಸಿನಾಗ ಹೋದ್ರು. ಸೀಟಿನ ಸಲುವಾಗಿ ಜಗಳಾಡಿ."

ಮಹಾಂತಪ್ಪನವರು ತಲೆ ಎತ್ತಿದರು. "ಯಾವ ಬಸ್?"

"ಗದಗ-ಹುಬ್ಬಳ್ಳಿ."

"ಟವೆಲ್ ಹಾಕಿದ್ರೇನು?"

"ಹೌದ್ರಿ, ಹಾಕಿದ್ರು. ಕಿಟಕ್ಯಾಗಿಂದ. ಇನ್ನೊಬ್ಬಾಂವ ಅದನ್ನ ತಗದು ಒಗದು ಕುಂತಿದ್ದ."

"ಟವೆಲ್ ತಗದಾ?" ರೊಟ್ಟಿ ತಟ್ಟೆಗೆ ಬಿತ್ತು. ಅವರ ಕತ್ತಿನ ನರ ಉಬ್ಬಿದ್ದನ್ನು ಕಲ್ಮೇಶ ನೋಡಿದ. "ಟವೆಲ್ ಹಾಕಿದ ಮ್ಯಾಲೆ ಮುಗೀತಲ್ರೀ! ಅದನ್ನ ಮುಟ್ಟೂದು ಅಂದ್ರೇನು? ಎಂಥಾ ಮಂದಿ..."

"ನಿಮಗ ಬಿಪಿ ಐತ್ರಿ," ಎಂದರು ಬಸವ್ವ, ಹೋಳಿಗೆಯಿಂದ ಕಣ್ಣೆತ್ತದೆ.

"ಸುಮ್ಮಿರು ನೀ. ಆಮ್ಯಾಲೇನಾತ್ರಿ? ಸೀಟು ಸಿಕ್ತೇನು ಅವರಿಗೆ?"

"ಸಿಕ್ತ್ರಿ."

"ಹಾಂ," ಎಂದು ಮಹಾಂತಪ್ಪನವರು ರೊಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡರು. ಒಂದು ದೊಡ್ಡ ಲೆಕ್ಕ ಸರಿಹೋದವರ ಹಾಗೆ ನಿಧಾನವಾಗಿ ಅಗಿದರು. ಆ ಹಾಂ ಎಂಬುದರಲ್ಲಿ ಸಂಬಂಧ ಕುದುರಿತೋ ಮುರಿಯಿತೋ ಕಲ್ಮೇಶನಿಗೆ ತಿಳಿಯಲಿಲ್ಲ. ಸೇತುವೆಗಳಿಗಾದರೂ ಅವರು ಏನು ಹೇಳುತ್ತಿದ್ದರೋ.

ತಟ್ಟೆ ಎಸೆಯುವ ಡಬ್ಬದ ಹತ್ತಿರ ನೀಲಗಂಗಾ ಪಕ್ಕಕ್ಕೆ ಬಂದು ನಿಂತಳು. ಔಷಧಿ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ಜನರ ಕಾಯಿಲೆ ಕೇಳುವವಳು, ಮುಖ ಸುಲಭಕ್ಕೆ ಬದಲಾಗುತ್ತಿರಲಿಲ್ಲ. "ಎಷ್ಟ್ ಕಲೆಕ್ಟ್ ಮಾಡಿದ್ರಿ?"

"ಏನು?"

"ನೂರು ವರ್ಷ. ನಾ ಕೌಂಟ್ ಮಾಡಾಕ್ಹತ್ತೀನಿ. ರೆಸ್ಟ್‌ರೂಮಿನಾಗ ನಾವೂ ನಿಮ್ಮ ಬಗ್ಗೇನ ಮಾತಾಡಾಕ್ಹತ್ತಿದ್ವಿ, ನೀವು ಅಲ್ಲಿ ಬರೂ ಹಂಗಿಲ್ಲ, ಅದೊಂದು ಮಿಸ್ ಆತು."

"ನಾ ಕರಿಯೂದು ಚಿಕನ್," ಎಂದ, ಅದು ಉತ್ತರವೆಂಬಂತೆ. "ಲೈನ್ ಗೀನ್ ಏನೂ ಇಲ್ಲ."

"ಮೈಕಿನಾಗ ಕೇಳಿಸ್ತು. ಅಪ್ಪಾಗ ನಾ ಏನಂದೆ ಗೊತ್ತೇನು? ನಲವತ್ತಕ್ಕ ಗ್ಯಾರಂಟಿ ಹೋಗ್ತಾರ ಅಂದ್ರ ಯೋಚನೆ ಮಾಡಬಹುದು, ಒಂಬತ್ತು ವರ್ಷ ಹ್ಯಾಂಗೋ ಮ್ಯಾನೇಜ್ ಮಾಡ್ತೀನಿ. ಶಾಂತ ಆಗಿ ತೊಂಬತ್ತು ಬದುಕಿದ್ರ ಮಾತ್ರ ಕಷ್ಟ." ಅವಳು ತಟ್ಟೆ ಎಸೆದಳು. ಆಮೇಲೆ, ಕೌಂಟರಿನಲ್ಲಿ ಕೇಳುವ ದನಿಯಲ್ಲಿ, "ಸಿಟ್ಟು ಯಾರ ಮ್ಯಾಲೆ ನಿಮಗ?"

ಮಾಸ್ತರ ಮೇಲೆ ಎನ್ನಬಹುದಿತ್ತು, ಭಾವನ ಮೇಲೆ, ಮುದುಕ ಶೂ ಮೇಲೆ, ಹತ್ತು ವರ್ಷ ಕಾಯಿಸಿ ಕಾಗದ ಕೊಟ್ಟು ಎಣ್ಣೆ ಬಾಂಡಲೆಯ ಮುಂದೆ ನಿಲ್ಲಿಸಿದ ದೇಶದ ಮೇಲೆ. ಅವು ಎಲ್ಲವನ್ನೂ ಎತ್ತಿ ನೋಡಿ ಕೆಳಗಿಟ್ಟ. ಅವಳು ಕಾದಳು, ಕಾಯಿಸಿದ್ದಕ್ಕೆ ಬೇಸರಿಸಲಿಲ್ಲ, "ಡೋಂಟ್ ವರಿ, ನೆಕ್ಸ್ಟ್ ಟೈಮ್ ಹೇಳ್ರಿ" ಎಂದು ಹೋದಳು. ನೆಕ್ಸ್ಟ್ ಟೈಮ್ ಎಂದದ್ದು ಅಭ್ಯಾಸಬಲವೋ, ಗಿರಾಕಿಗಳಿಗೆಲ್ಲ ಅನ್ನುವ ಮಾತೋ. ಅದನ್ನು ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದಾಗ ಅಕ್ಕ ಬಂದು ತೋಳು ಹಿಡಿದಳು. ಅವಳ ಬೆರಳುಗಳಿಂದ ಬೇವಿನ ಕಹಿ ವಾಸನೆ. ಊರಲ್ಲಿ ಬೇವಿನ ಹೂವು. ಇಲ್ಲಿ ಇಂಡಿಯನ್ ಅಂಗಡಿಯ ಬೇವಿನ ಕ್ಯಾಪ್ಸೂಲುಗಳನ್ನು ಒಂದೊಂದಾಗಿ ಬಿಚ್ಚಿ ಬೆಲ್ಲಕ್ಕೆ ಉದುರಿಸಿದ್ದಳು.

"ಟೈಫಾಯ್ಡ್ ಅಂತ ಹೇಳಿದ್ದೆನಲ್ಲೋ. ಒಂದು ಹೂಂ ಅನ್ನಾಕ ಏನಾಗಿತ್ತು?"

"ನೀ ಯಾಕ ನಕ್ಕಿ?"

ಅವಳು ಕೈಬಿಟ್ಟಳು. "ನಗಲಿಲ್ಲ ನಾ."

"ಸೆರಗು ಬಾಯಿಗೆ ಹಿಡ್ಕೊಂಡು ನಕ್ಕಿ. ನೋಡೀನಿ."

"ಸೆರಗು ಯಾಕ ಹಿಡ್ಕೊಂಡೆ ಅಂತ ತಿಳಕೊಂಡಿ?" ಎಂದು ಅವಳು ಸುತ್ತ ನೋಡಿ ದನ ಬೆದರಿದ ಹಾಗೆ ಬೇಗ ಬೇಗ ಹೇಳಿದಳು. "ಅವರ ಬೈಪಾಸ್ ದಿನಾನೂ ಹಂಗ ಆತು, ಆಸ್ಪತ್ರ್ಯಾಗ. ನರ್ಸ್ ಬಂದು, ಆರ್ ಯೂ ಲಾಫಿಂಗ್ ಅಂದ್ಲು. ಹುಬ್ಬಳ್ಳಿಯಿಂದ ಅಪ್ಪನ್ನ ತಂದ ದಿನಾನೂ ಹಂಗ ಆಗಿತ್ತು, ಅವ್ವ ಬಡದಿದ್ಲು ನನ್ನ. ನಿಮಗೆಲ್ಲ ಸಿಟ್ಟು ಬರ್ತದ. ನನಗ ಇದು ಬರ್ತದ. ಏನ್ ಮಾಡ್ಲಿ?" ಅಷ್ಟು ಹೇಳಿ ಕೋಸಂಬರಿ ಮುಗಿಯಿತೆಂದು ಯಾರೋ ಕರೆದ ಕಡೆ ಹೋದಳು. ಬೆಳಿಗ್ಗೆಯಿಂದ ಜೋಪಾನವಾಗಿ ಹಿಡಿದುಕೊಂಡಿದ್ದ ಸಿಟ್ಟಿನಲ್ಲಿ ಒಂದು ದೊಡ್ಡ ತುಂಡನ್ನು ಅವಳು ಕೇಳದೇ ಮುರಿದುಕೊಂಡು ಹೋದ ಹಾಗಾಯಿತು ಕಲ್ಮೇಶನಿಗೆ. ಉಳಿದದ್ದು ಭಾವನ ಪಾಲಿನದು. ಅದಿತ್ತು, ಬಿಸಿಯಾಗಿಯೇ ಇತ್ತು. ವಾಕ್ಯವೂ ಇತ್ತು.

ಸಾಮಾನು ಸಾಗಿಸುವ ಹೊತ್ತಿಗೆ ಪಾರ್ಕಿಂಗ್ ಲಾಟಿನಿಂದ ಗದ್ದಲ ಕೇಳಿಸಿತು. ದೊಡ್ಡ ಅನ್ನದ ಪಾತ್ರೆಯನ್ನು ಒಳಗೆ ಬಿಟ್ಟು ಕಲ್ಮೇಶ ಹೊರಬಂದ. ಭಾವನ ಕಾರಿನ ಹಿಂದೆ ಯಾರೋ ಅಡ್ಡ ವ್ಯಾನು ನಿಲ್ಲಿಸಿದ್ದರು. ಹಳದಿ ಪುಡಿ ಕೂತು ಅದರ ನಂಬರ್ ಪ್ಲೇಟೂ ಓದಲು ಬರುತ್ತಿರಲಿಲ್ಲ. ಚೀನಾದ ಶಾಂತಪಂಡಿತರ ಇಡೀ ಪರಂಪರೆ ಆ ಕಾರಿಗೂ ವ್ಯಾನಿಗೂ ನಡುವೆ ಸಿಕ್ಕಿಕೊಂಡಿತ್ತು. "ಯಾವ ಕತ್ತೀದಿದು ಗಾಡಿ? ಲೈಸೆನ್ಸ್ ಯಾರು ಕೊಟ್ರು ಇವಂಗ? ಒಬ್ಬರಿಗೂ ಕಾಮನ್ ಸೆನ್ಸ್ ಇಲ್ಲ!" ಸೋಮಲಿಂಗಪ್ಪನವರು ವ್ಯಾನಿನ ಬಾನೆಟ್ಟಿಗೆ ಅಂಗೈಯಿಂದ ಬಡಿದರು. ಪುಡಿ ಮೇಲೆದ್ದು ಅವರ ಮುಖ, ಮೀಸೆ, ಬಿಳಿ ಜುಬ್ಬ ಎಲ್ಲ ಅರಿಶಿಣವಾಯಿತು. ಜನ ಸುತ್ತ ನಿಂತಿದ್ದರು, ದತ್ತಾತ್ರೇಯರು ಮುಂದಿನ ಸಾಲಿನಲ್ಲೇ. ವ್ಯಾನಿನವರು ಸ್ವತಃ, ಅಂದರೆ ಮಹಾಂತಪ್ಪನವರು, ಕೀಲಿ ಹಿಡಿದುಕೊಂಡು ಜನರ ಹಿಂದೆ ನಿಂತು, ಕತ್ತೆ ಎಂದದ್ದು ಮುಗಿಯಲೆಂದು ಕಾಯುತ್ತಿದ್ದರು. "ಕಲ್ಮೇಶಗ ಹೇಳಿದ್ದೆ, ಇಲ್ಲಿ ನಿಂತು ಗಾಡಿ ಸರಿಯಾಗಿ ಹಚ್ಚಸು ಅಂತ. ಎಲ್ಲಿ ಅದಾನ ಅವ? ಎಲ್ಲಿ ಸತ್ತಾ?"

ಆಗಲೇ ಜನ ದಾರಿ ಬಿಟ್ಟರು, ಕಲ್ಮೇಶ ಅವರ ಎದುರಿಗೆ ಬಂದು ನಿಂತ.

ಅವರ ಬಾಯಿ ತೆರೆದೇ ಇತ್ತು. ಅದರಿಂದ, ಅವರನ್ನು ಕೇಳದೆ, ಬಾಗೇವಾಡಿಯ ಓಣಿಯಲ್ಲಿ ಅವರ ಅಜ್ಜಿ ಇಟ್ಟುಹೋದ ಮಾತು ಅಷ್ಟೇ ಗಟ್ಟಿಯಾಗಿ ಹೊರಬಿತ್ತು: "ನೂರು ವರ್ಷ ಆಯುಷ್ಯ ನೋಡಲೇ ನಿನಗ!"

ಎಲ್ಲೋ ಒಂದು ಕಾರಿನ ಬಾಗಿಲು ಮುಚ್ಚಿತು. "ಡಾಕ್ಟ್ರೇ," ಎಂದರು ದತ್ತಾತ್ರೇಯರು ಬೆಣ್ಣೆಯ ದನಿಯಲ್ಲಿ, "ಫಾರ್ಟಿನೋ ಹಂಡ್ರೆಡ್ಡೋ, ಒಂದು ಫೈನಲ್ ಮಾಡ್ಬಿಡಿ ಸಾರ್, ಹೆಣ್ಣಿನವರು ಕಾಯ್ತಿದಾರೆ." ಆಮೇಲೆ ಬಂದ ನಗು ಬೆಳಗಿನದಕ್ಕಿಂತ ದೊಡ್ಡದು. ರಾಜಲಕ್ಷ್ಮಿ ಆಂಟಿ ಕಾರಿಗೆ ಒರಗಿಕೊಂಡು ನಕ್ಕು ಬೆನ್ನೆಲ್ಲ ಹಳದಿ ಮಾಡಿಕೊಂಡರು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಭಾವ ಮಾತ್ರ ಒಂದು ಕೈಯನ್ನು ಎದೆಯ ಮೇಲಿಟ್ಟುಕೊಂಡಿದ್ದರು, ಜುಬ್ಬದ ಗುಂಡಿ ಬಿಚ್ಚಿದ್ದಲ್ಲಿ ಕೊಯ್ದ ಗುರುತಿನ ಮೇಲ್ತುದಿ ಕಾಣುತ್ತಿತ್ತು, ಉಸಿರು ಇನ್ನೂ ಕೂತಿರಲಿಲ್ಲ. ಆ ಮುಖವನ್ನು ಏನು ಮಾಡಬೇಕೆಂದು ಅವರಿಗೆ ತೋಚುತ್ತಿಲ್ಲ ಎಂಬುದು ಕಲ್ಮೇಶನಿಗೆ ಚೆನ್ನಾಗಿ ಗೊತ್ತಾಯಿತು. ಹಲ್ಲು ಹೊರಗೆ ಬಂದಿತ್ತು. ಹುಬ್ಬು ಅಲ್ಲೇ ಉಳಿದಿತ್ತು.

"ಏನರ ಅನ್ನಲೇ," ಎಂದರು ಅವರು ಮೆಲ್ಲಗೆ. "ಸುಮ್ಮ ಯಾಕ ನಿಂತಿ?"

ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು, ಕಾಯ್ದು ಹದವಾಗಿ. ಜನರೂ ತಯಾರಿದ್ದರು. ಈಗ ಅಂದರೆ ದನಿ ಏರುವುದಿಲ್ಲ ಎಂಬುದೂ ಅವನಿಗೆ ತಿಳಿದಿತ್ತು. ಅದನ್ನು ಒಮ್ಮೆ ಒಳಗೇ ಮುಟ್ಟಿ ನೋಡಿದ, ಎದೆಯ ಮೇಲಿನ ಆ ಕೈಯನ್ನೂ ನೋಡಿದ. ಆಮೇಲೆ ತಿರುಗಿ ಹಾಲಿನ ಕಡೆ ನಡೆದ. ಒಳಗೆ ದೊಡ್ಡ ಅನ್ನದ ಪಾತ್ರೆ ಇನ್ನೂ ಉಳಿದಿತ್ತು.

ಮಹಾಂತಪ್ಪನವರ ವ್ಯಾನಿನ ಬದಿಯ ಬಾಗಿಲು ಸರಿಸಿತ್ತು. ಕಿಟಕಿಯ ಪಕ್ಕದ ಸೀಟಿನ ಮೇಲೆ ಒಂದು ಟವೆಲ್ ಹಾಸಿತ್ತು. ಬೆಳಿಗ್ಗೆ ಬರುವಾಗ ಬದನೆಕಾಯಿಯ ಪಾತ್ರೆಯನ್ನು ಅಲ್ಲಿ ಇಟ್ಟಿದ್ದರೇನೋ, ಎಣ್ಣೆ ಹತ್ತದಿರಲೆಂದು. ನೀಲಗಂಗಾ ಈಗಷ್ಟೇ ಹತ್ತಿ ಅದರ ಆಚೆಯ ಸೀಟಿನಲ್ಲಿ ಕೂತು ಎದುರಿನ ಗಾಜು ನೋಡುತ್ತಿದ್ದಳು, ಮುಖ ಎಂದಿನಂತೆ. ಆ ಟವೆಲ್ ಯಾರಿಗೆಂದು ಅವನು ಕೇಳಲಿಲ್ಲ. ಹೆಜ್ಜೆ ಒಂದಿಷ್ಟು ತಡವಾಯಿತು, ಅಷ್ಟೇ.

ಬೆನ್ನ ಹಿಂದೆ ದನಿಗಳು ಒಂದೊಂದಾಗಿ ಎದ್ದವು. ಏನೂ ಅನ್ನದೇ ಹೋದ ನೋಡಿ, ಎಂದಿತು ಒಂದು. ಸಿಟ್ಟೇ ಇರ್ಬೇಕು ಕಣ್ರೀ, ಎಂದಿತು ಇನ್ನೊಂದು. ಇಲ್ಲಪ್ಪ, ಶಾಂತ ಆಗ್ಬಿಟ್ಟ. ಯಾವುದು ಹೌದೆಂದು ಅವನಿಗೂ ಗೊತ್ತಿರಲಿಲ್ಲ. ಎಲ್ಲರೂ ಅವನ ಬಗ್ಗೆಯೇ ಮಾತಾಡುತ್ತಿದ್ದರು. ಅವನು ತಿರುಗಿ ನೋಡದೆ ನಡೆದ. ನೋಡಿದ್ದರೆ ಪಾಪ, ಅವರು ಇನ್ನೊಂದು ನೂರು ಕೊಡಬೇಕಾಗುತ್ತಿತ್ತು.